‘ಹೋಗಿ ಬರುತ್ತೇನೆ’ ಎಂಬ ಬಟನ್ನು

ಆ ವರದಿಯನ್ನು ತೆರೆದವಳು ನಾನು. ವಸಂತಿ ಅಲ್ಲ.

ಆ ದಿನವೇ ಹೇಳಿದ್ದರೆ ಇದು ಒಂದು ಉಸಿರಿನ ಮಾತಾಗಿತ್ತು. ಹೇಳಲಿಲ್ಲ. ವಸಂತಿಯ ಕೆಲಸ ಹೋಯಿತು, ಹೆಸರೂ ಹೋಯಿತು. ನಾನು ಮಾತ್ರ ಅದೇ ಲ್ಯಾಬಿನಲ್ಲಿ ಉಳಿದು, ಅವಳ ಜಾಗಕ್ಕೆ ಬಂದವರಿಗೆ ಕಂಪ್ಯೂಟರ್ ಹೇಳಿಕೊಟ್ಟೆ — ಈಗಲೂ ಹೇಳಿಕೊಡುತ್ತಿದ್ದೇನೆ.

ಕೊಪ್ಪದ ಒಂದು ರಕ್ತಪರೀಕ್ಷೆಯ ಲ್ಯಾಬು ಅದು. ಶೃಂಗೇರಿಯಲ್ಲೊಂದು, ನರಸಿಂಹರಾಜಪುರದಲ್ಲೊಂದು ಶಾಖೆ. ವಸಂತಿ ಮುಂದಿನ ಮೇಜಿನಲ್ಲಿ ಕೂತು ಬಂದವರ ಹೆಸರು ಸೇರಿಸುವವಳು. ನಾನು ಮೂರೂ ಊರಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವವಳು. ಬಸರೀಕಟ್ಟೆಯ ಕಾಫಿ ಎಸ್ಟೇಟಿನ ಕೂಲಿ ಲೈನಿನಿಂದ ಬಂದು ಡಿಗ್ರಿ ಮುಗಿಸಿದವಳು, ನಮ್ಮ ಕುಲದಲ್ಲೇ ಮೊದಲಿಗಳು. ಇದನ್ನು ಈಗಲೂ ತಲೆಯೆತ್ತಿಯೇ ಹೇಳುತ್ತೇನೆ, ಯಾರೂ ದಯಪಾಲಿಸಿದ್ದಲ್ಲ. ಆದರೆ ಆ ಹೆಮ್ಮೆಯೇ — ಬೇಡ, ಅದನ್ನು ಕಾರಣ ಎಂದು ಬರೆಯಹೊರಟರೆ ನೆಪವಾಗುತ್ತದೆ.

ಆ ವರ್ಷ ಲ್ಯಾಬಿಗೆ ಹೊಸ ವ್ಯವಸ್ಥೆ ಬಂತು. ಅಲ್ಲಿಯವರೆಗೆ ಹೆಸರು ಸೇರಿಸುವುದಕ್ಕೆ ಒಂದು ಪಾಸ್‌ವರ್ಡ್, ವರದಿ ನೋಡುವುದಕ್ಕೆ ಇನ್ನೊಂದು, ಶಾಖೆಗಳಿಗೆ ಸಂದೇಶ ಕಳಿಸುವುದಕ್ಕೆ ಮತ್ತೊಂದು. ಈಗ ಮೂರಕ್ಕೂ ಸೇರಿ ಒಂದೇ. ಎಲ್ಲರನ್ನೂ ಕೂರಿಸಿ ನಾನೇ ಪಾಠ ಮಾಡಿದೆ.

“ಮದುವೆ ಮನೆ ಅಂದ್ಕೊಳ್ಳಿ. ಬಾಗಿಲಲ್ಲಿ ಒಬ್ಬ ನಿಂತಿರ್ತಾನೆ. ಅವನಿಗೆ ಒಂದ್ಸಲ ಗುರುತು ಹೇಳಿದ್ರೆ ಆಯ್ತು. ಆಮೇಲೆ ಮಂಟಪಕ್ಕೆ ಹೋಗಿ, ಊಟದ ಹಾಲಿಗೆ ಹೋಗಿ, ನಿಮ್ಮನ್ನ ಯಾರೂ ಕೇಳಲ್ಲ. ಬಾಗಿಲವನನ್ನೇ ಕೇಳ್ಕೊಳ್ತಾರೆ, ಇವರು ಯಾರಪ್ಪ ಅಂತ.”

“ಊಟದ ಹಾಲಿಗೆ ಹೋಗೋಕೆ ನಂಗೆ ಮೊದ್ಲಿಂದಲೂ ಪಾಸ್‌ವರ್ಡ್ ಬೇಕಾಗಿಲ್ಲ ಮಾರಾಯ್ತಿ” ಎಂದಳು ವಸಂತಿ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಒಂದು ಮಾತನ್ನು ಮಾತ್ರ ಹೇಳಿರಲಿಲ್ಲ. ನನಗೇ ಸರಿಯಾಗಿ ಗೊತ್ತಿರಲಿಲ್ಲ. ಆ ಬಾಗಿಲವನು ಮುಖ ನೋಡುವುದಿಲ್ಲ. ಯಾವ ಕಂಪ್ಯೂಟರಿನಿಂದ ಕೇಳುತ್ತಿದ್ದಾರೆ ಎಂದಷ್ಟೇ ನೋಡುತ್ತಾನೆ. ಗುರುತು ಹೇಳಿದವಳು ಎದ್ದುಹೋಗಿ ಅದೇ ಕುರ್ಚಿಯಲ್ಲಿ ಬೇರೊಬ್ಬಳು ಕೂತರೂ ಅವನ ಲೆಕ್ಕದಲ್ಲಿ ಅವಳೇ ಇವಳು.

ಹೊರಗೆ ಬರುವುದಕ್ಕೆ ಎರಡು ಬಟನ್ನುಗಳಿದ್ದವು. ಒಂದು, ತೆರೆದಿರುವ ಆ ಒಂದು ಕೋಣೆಯಿಂದ ಮಾತ್ರ ಹೊರಗೆ ಬರುವುದಕ್ಕೆ. ಇನ್ನೊಂದು, ಬಾಗಿಲವನಿಗೇ “ನಾನು ಹೊರಟೆ, ಇನ್ನು ನನ್ನ ಹೆಸರಲ್ಲಿ ಯಾರನ್ನೂ ಬಿಡಬೇಡ” ಎಂದು ಹೇಳುವುದಕ್ಕೆ. ಸಾಫ್ಟ್‌ವೇರಿನವರು ಫೋನು ಮಾಡಿ, ಇವಕ್ಕೆ ಕನ್ನಡದಲ್ಲಿ ಏನು ಹಾಕೋಣ ಎಂದು ಕೇಳಿದರು. ನನ್ನನ್ನು ಕೇಳಿದರಲ್ಲ — ಎಷ್ಟು ಉಬ್ಬಿದ್ದೆ! ಎರಡನೆಯದಕ್ಕೆ ‘ಪೂರ್ಣ ನಿರ್ಗಮನ’ ಎಂದೆ. ಅದನ್ನು ಅವರು ಪರದೆಯ ಮೂಲೆಯಲ್ಲಿ, ಒಳಗಿರುವವರ ಹೆಸರಿನ ಕೆಳಗೆ ಅಡಗಿಸಿಟ್ಟರು. ಮೊದಲನೆಯದು ಕಣ್ಣಿಗೆ ಕಾಣುವ ಹಾಗೆ ಪ್ರತಿ ಪುಟದ ಮೇಲೂ ಬಂತು. ಅದಕ್ಕೆ ನಾನು ಕೊಟ್ಟ ಹೆಸರು ‘ಹೋಗಿ ಬರುತ್ತೇನೆ’.

ಎಲ್ಲರಿಗೂ ಹಿಡಿಸಿತು. ಹಿಡಿಸದೆ ಏನು? ನಮ್ಮ ಕಡೆ ಹೊರಡುವಾಗ ಯಾರಾದರೂ ‘ಹೋಗ್ತೇನೆ’ ಅನ್ನುತ್ತಾರೆಯೇ? ಮತ್ತೆಂದೂ ಆ ಮನೆಯ ಮೆಟ್ಟಿಲು ಹತ್ತದವರೂ ‘ಬರ್ತೇನೆ’ ಎಂದೇ ಇಳಿಯುವುದು. ವಸಂತಿಗೆ ಆ ಬಟನ್ನು ಒತ್ತಿದರೆ ಹೊರಟ ಹಾಗೆ, ಮುಗಿದ ಹಾಗೆ. ಯಂತ್ರಕ್ಕೆ ಅದು ಒಂದು ಕೋಣೆಯ ಬಾಗಿಲು ಎಳೆದುಕೊಂಡದ್ದು ಅಷ್ಟೇ. ಹೆಬ್ಬಾಗಿಲು ತೆರೆದೇ ಇತ್ತು.

ಆ ಮಧ್ಯಾಹ್ನ ಅವಳು ಅದನ್ನು ಒತ್ತಿ ಊಟಕ್ಕೆ ಮನೆಗೆ ಹೋದಳು. ಒತ್ತಿದ್ದನ್ನು ನಾನೇ ನೋಡಿದ್ದೇನೆ. ಅವಳು ಎಂದೂ ಮರೆಯುತ್ತಿರಲಿಲ್ಲ.

ನಾನು ಅವಳ ಕುರ್ಚಿಯಲ್ಲಿ ಕೂತೆ. ತಂಗಿಯ ಮದುವೆಗೆ ಅಮ್ಮ ಒಬ್ಬ ಅಡುಗೆ ಭಟ್ಟರನ್ನು ಗೊತ್ತುಮಾಡಿದ್ದಳು. ಹರಿಹರಪುರದ ಕಡೆಯವರು. ಅವರು ಹಿಂದಿನ ದಿನ ರಕ್ತ ಕೊಟ್ಟು ಹೋಗಿದ್ದರು. ಏನಿರಬಹುದು ಎಂಬ ಒಂದು ಹುಳ ತಲೆ ಹೊಕ್ಕಿತು. ವರದಿಯ ಪುಟ ಒತ್ತಿದೆ. ಏನೂ ಕೇಳದೆ ತೆರೆದುಕೊಂಡಿತು. ಬೆಳಿಗ್ಗೆ ಅದೇ ಕಂಪ್ಯೂಟರಿನಲ್ಲಿ ನಾನೂ ಕೆಲಸ ಮಾಡಿದ್ದೆ, ನನ್ನ ಗುರುತೇ ಉಳಿದಿದೆ ಅಂದುಕೊಂಡೆ. ಮೂಲೆಯಲ್ಲಿದ್ದ ಹೆಸರಿನ ಕಡೆ ಕಣ್ಣೆತ್ತಲಿಲ್ಲ.

ಅವರ ಹೆಸರನ್ನಾಗಲಿ ಕಾಯಿಲೆಯ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಒಮ್ಮೆ ಆಡಿದ್ದೇ ಸಾಕು. ಅದು ಅನ್ನದಿಂದ, ಸಾರಿನಿಂದ ಹರಡುವಂಥದ್ದಲ್ಲ — ಇಷ್ಟು ಹೇಳಲೇಬೇಕು. ಅದೂ ನನಗೆ ಗೊತ್ತಿತ್ತು. ಗೊತ್ತಿದ್ದೂ ಅಮ್ಮನಿಗೆ ಹೇಳಿದೆ: “ಆ ಭಟ್ಟರು ಬೇಡ. ಯಾಕೆ ಅಂತ ಕೇಳ್ಬೇಡ. ರಕ್ತದಲ್ಲಿ ಎಂತದೋ ಇದೆ.”

ಅಮ್ಮ ಒಬ್ಬರಿಗೆ ಹೇಳಿದಳು, ಒಳ್ಳೆಯದಾಗಲಿ ಎಂದೇ. ಆಮೇಲೆ ಅದಕ್ಕೆ ಹೇಳುವವರು ಬೇಕಾಗಲಿಲ್ಲ.

ಕೆಲವೇ ದಿನಗಳಲ್ಲಿ ಭಟ್ಟರು ಲ್ಯಾಬಿನ ಬಾಗಿಲಲ್ಲಿ ಬಂದು ನಿಂತರು. ಕೂಗಾಡಲಿಲ್ಲ. “ಎಂತ ಮಾರಾಯ್ರೇ, ನನ್ನ ರಕ್ತದ ಸುದ್ದಿ ನನಗಿಂತ ಮೊದ್ಲು ಊರಿಗೆ ಮುಟ್ಟಿತಲ್ಲ! ಒಪ್ಪಿದ ಮದುವೆಯವರೆಲ್ಲ ಬೇಡ ಅಂತಿದಾರೆ. ಇಲ್ಲಿ ಬಾಯಿ ಯಾರದ್ದು ಅಂತ ಹೇಳಿ, ನೋಡಿ ಹೋಗ್ತೇನೆ.”

ಅಂದಿನಿಂದ ಲ್ಯಾಬಿನ ಗಾಳಿಯೇ ಬೇರೆಯಾಯಿತು. ಕೊಪ್ಪದವರ ಬಾಯಿ ಎಂದರು ಶೃಂಗೇರಿಯವರು. ಶೃಂಗೇರಿಯವರೇ ಇರಬೇಕು ಎಂದರು ನರಸಿಂಹರಾಜಪುರದವರು. ಯಾರಾದರೂ ಹಿಂದಿನಿಂದ ಹಾದುಹೋದರೆ ಕೂತವರು ಪರದೆಯನ್ನು ಓರೆ ಮಾಡುತ್ತಿದ್ದರು. ಚಹಾ ಲೋಟ ಹಿಡಿದು ಇಬ್ಬರು ನಿಂತರೆ ಮೂರನೆಯವರು ಅತ್ತ ಹೋಗುತ್ತಿರಲಿಲ್ಲ. ನಾನೂ ಅನುಮಾನಿಸಿದೆ — ಎಲ್ಲರಿಗಿಂತ ಜೋರಾಗಿ ಅನುಮಾನಿಸಿದೆ. ಕಳ್ಳಿ ತಾನೇ ಕಳ್ಳರನ್ನು ಹುಡುಕಿದ ಹಾಗೆ.

ಯಾರು ಯಾವ ವರದಿ ತೆರೆದರು ಎಂಬುದನ್ನು ವ್ಯವಸ್ಥೆ ನೆನಪಿಟ್ಟುಕೊಳ್ಳುತ್ತದೆ. ಲ್ಯಾಬಿನ ಯಜಮಾನರು ಅದನ್ನು ತರಿಸುತ್ತೇನೆ ಎಂದಾಗ ನನ್ನ ಕಥೆ ಮುಗಿಯಿತು ಅಂದುಕೊಂಡೆ. ಅಲ್ಲಿ ನನ್ನ ಹೆಸರು ಇರಲೇಬೇಕಿತ್ತು. ಅವರು ಓದಿದರು: “ವಸಂತಿ.”

ವಸಂತಿ ಬೆಪ್ಪಾಗಿ ನಿಂತಳು. “ನಾನಾ ಸಾರ್? ನಾನು ಊಟಕ್ಕೆ ಹೋಗಿದ್ನಲ್ಲ. ಹೊರಗೆ ಬಂದೇ ಹೋಗಿದ್ದೆ ಸಾರ್, ಬಟನ್ ಒತ್ತೇ ಹೋಗಿದ್ದೆ.”

ನನಗೆ ಮೊದಲು ಬಂದದ್ದು ಗಾಬರಿಯಲ್ಲ. ನೆಮ್ಮದಿ. ಇದನ್ನೂ ಬರೆಯುತ್ತೇನೆ — ನೆಮ್ಮದಿ. ಆಮೇಲೆ ಅನುಮಾನ: ಯಂತ್ರಕ್ಕೇನಾಯಿತು? ಮಾರನೆಯ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ನನ್ನ ಪಾಸ್‌ವರ್ಡ್ ಕೊಟ್ಟು ಒಳಗೆ ಹೋದೆ. ‘ಹೋಗಿ ಬರುತ್ತೇನೆ’ ಒತ್ತಿದೆ. ನಂತರ ವರದಿಯ ಪುಟ ತೆರೆದೆ. ಏನೂ ಕೇಳಲಿಲ್ಲ. ತೆರೆದುಕೊಂಡಿತು, ಮೂಲೆಯಲ್ಲಿ ನನ್ನ ಹೆಸರು.

ಆಗಲೇ ಎಲ್ಲ ಗೊತ್ತಾಯಿತು. ಆದ್ದರಿಂದ ಯಾರೂ ನನ್ನನ್ನು, ‘ಪಾಪ, ತಿಳಿಯದೆ ಮಾಡಿದಳು’ ಎನ್ನಬೇಡಿ.

ಸ್ವಲ್ಪ ಹೊತ್ತಿನಲ್ಲೇ ಯಜಮಾನರು ವಸಂತಿಯ ಎದುರಿಗೆ ನನ್ನನ್ನು ಕರೆದರು. “ನೀನು ಓದಿದವಳು. ನಿನ್ನನ್ನೇ ಕೇಳ್ತೇನೆ. ಅವಳ ಪಾಸ್‌ವರ್ಡ್ ಇಲ್ದೆ ಅವಳ ಹೆಸರಲ್ಲಿ ಇದು ತೆರೀತದಾ?”

“ಪಾಸ್‌ವರ್ಡ್ ಕೊಡದೆ ಯಾರೂ ಒಳಗೆ ಬರೋಕಾಗಲ್ಲ ಸಾರ್.”

ಒಂದೊಂದು ಪದವೂ ನಿಜ. ಪಾಸ್‌ವರ್ಡನ್ನು ಬೆಳಿಗ್ಗೆ ಅವಳು ಕೊಟ್ಟೇ ಇದ್ದಳು. ನಿಜದ ಪದಗಳನ್ನೇ ಜೋಡಿಸಿ ಇಷ್ಟು ದೊಡ್ಡ ಸುಳ್ಳು ಹೇಳುವುದಕ್ಕೆ ಓದಿರಬೇಕು.

ವಸಂತಿ ನನ್ನನ್ನೇ ನೋಡುತ್ತಿದ್ದಳು. ಹೊರಗೆ ಬಂದ ಮೇಲೆ ಮೆಲ್ಲಗೆ ಕೇಳಿದಳು: “ಶೋಭಾ, ನಾನೇ ಕೈತಪ್ಪಿ ಏನಾದ್ರೂ ಒತ್ತಿರಬಹುದಾ? ನಂಗಂತೂ ನೆನಪಾಗ್ತಿಲ್ಲ.”

“ಒತ್ತಿರಬೇಕು ಕಣೇ. ಕಂಪ್ಯೂಟರ್ ಸುಳ್ಳು ಹೇಳಲ್ಲ” ಎಂದೆ.

ಅವಳನ್ನು ಕೆಲಸದಿಂದ ತೆಗೆದ ಮೇಲೆ ಸಾಫ್ಟ್‌ವೇರಿನವರಿಗೆ ಫೋನು ಮಾಡಿ ಬಟನ್ನಿನ ಹೆಸರು ಬದಲಾಯಿಸಿದೆ: ‘ಈ ಪುಟ ಮುಚ್ಚಿ’. ಯಾಕೆ ಎಂದು ಅವರು ಕೇಳಿದ್ದಕ್ಕೆ, ಕನ್ನಡ ಇನ್ನಷ್ಟು ಚೊಕ್ಕವಾಗಿರಲಿ ಎಂದೆ. ಆಮೇಲಿನ ವರ್ಷಗಳಲ್ಲಿ ಯಾರಾದರೂ ‘ಶೋಭಾ, ಒಂದು ವಿಷಯ ಕೇಳ್ಬೇಕಿತ್ತು’ ಎಂದರೆ ಸಾಕು, ಇವರಿಗೆ ಗೊತ್ತಾಗಿದೆ ಎಂದೇ ಅನಿಸುತ್ತಿತ್ತು. ಯಾರಿಗೂ ಗೊತ್ತಾಗಲಿಲ್ಲ.

ಈಚೆಗೆ ನರಸಿಂಹರಾಜಪುರದ ಶಾಖೆಗೆ ಹೋಗಿದ್ದೆ. ಸಂಜೆ ಬಸ್ಸಿಗೆ ಕಾಯುವಾಗ ಎದುರಿನ ಬಟ್ಟೆ ಅಂಗಡಿಯ ಶಟರು ಇಳಿಯಿತು. ಇಳಿಸಿದವಳು ವಸಂತಿ. ಬೀಗ ಹಾಕಿದಳು, ಜಗ್ಗಿ ನೋಡಿದಳು. ನಾಲ್ಕು ಹೆಜ್ಜೆ ಹೋಗಿ ತಿರುಗಿ ಬಂದು ಮತ್ತೆ ಜಗ್ಗಿದಳು. ರಸ್ತೆ ದಾಟಿದವಳು ಮತ್ತೊಮ್ಮೆ ಹಿಂದಿರುಗಿದಳು. ಪಕ್ಕದ ಅಂಗಡಿಯವನು ನಗಾಡಿದ: “ಸಾಕು ಬಿಡಿ ವಸಂತಕ್ಕ, ಬೀಗಕ್ಕೂ ಕೈ ನೋವಾಗ್ತದೆ!”

ಬಸ್ಸು ಬಂತು. ಹತ್ತಲಿಲ್ಲ.

ಎಲ್ಲವನ್ನೂ ಅವಳಿಗೆ ಹೇಳಿದೆ, ಅಲ್ಲೇ, ಆ ಶಟರಿನ ಮುಂದೆ. ಅವಳು ಬೈಯಲಿಲ್ಲ, ಅಳಲಿಲ್ಲ. “ಹಾಗಾದ್ರೆ ನಾನು ಕೈತಪ್ಪಿ ಏನೂ ಒತ್ತಿರಲಿಲ್ಲ” ಎಂದಳು. ನನಗೆ ಹೇಳಿದ್ದಲ್ಲ, ತನಗೇ ಹೇಳಿಕೊಂಡದ್ದು. ಆಮೇಲೆ ನನ್ನ ಕಡೆ ತಿರುಗಿದಳು.

“ನಂಗೊಬ್ಬಳಿಗೇ ಹೇಳಿ ಹಗುರಾಗಿ ಹೋಗ್ಬೇಡ. ನಮ್ಮತ್ತೆ ಇವತ್ತಿಗೂ ನನ್ನೆದುರು ಮನೆ ವಿಷಯ ಮಾತಾಡಲ್ಲ, ಗೊತ್ತಾ? ಬರಿ. ಅದು ಹೆಂಗೆ ತೆರೀತು, ಎಂತಕ್ಕೆ ನನ್ನ ಹೆಸರು ಬಂತು, ಕಂಪ್ಯೂಟರ್ ಮುಟ್ಟದವರಿಗೂ ತಿಳಿಯೋ ಹಂಗೆ ಬರಿ. ನಿಂಗೆ ಬರಿಯೋಕೆ ಬರ್ತದಲ್ಲ.”

ಅದಕ್ಕೇ ಇದನ್ನು ಬರೆದೆ. ಅವಳು ಕ್ಷಮಿಸಿದ್ದಾಳೋ ಇಲ್ಲವೋ, ಕೇಳಿಲ್ಲ. ಕೇಳುವ ಹಕ್ಕೂ ಇಲ್ಲ. ಇಲ್ಲಿಯವರೆಗೆ ಬರೆದದ್ದರ ಪ್ರತಿಯನ್ನು ಯಜಮಾನರ ಕೈಗೆ ಕೊಟ್ಟಾಗಿದೆ. ನಾಳೆಯಿಂದ ಬರಬೇಡ ಎಂದರೆ ಅದು ತಡವಾಗಿ ಬಂದ ನ್ಯಾಯ. ವಸಂತಿಯ ಅತ್ತೆಗೆ ಮೊನ್ನೆ ಅಷ್ಟನ್ನೂ ನಾನೇ ಕೂತು ಓದಿ ಹೇಳಿದೆ. ಮುದುಕಿ ಕೊನೆಯವರೆಗೂ ಕೇಳಿ, ಸೊಸೆಯನ್ನು ಒಳಗಿನಿಂದ ಕರೆದು ಪಕ್ಕದಲ್ಲಿ ಕೂರಿಸಿಕೊಂಡಳು. ನನ್ನ ಕಡೆ ತಿರುಗಿ ಒಂದೇ ಮಾತು ಕೇಳಿದಳು: “ಆ ಭಟ್ಟರಿಗೆ ಹೇಳಿದ್ಯಾ?”

ಇಲ್ಲ. ಅವರೀಗ ಅಡುಗೆಗೆ ಹೋಗುವುದನ್ನೇ ಬಿಟ್ಟಿದ್ದಾರಂತೆ. ಹರಿಹರಪುರದ ಬಸ್ಸಿಗೆ ನಾಳೆ ಒಬ್ಬಳೇ ಹತ್ತಬೇಕು.