ಮಂಡಿಯ ಮೂರು ಸ್ವಿಚ್ಚು

ನಾನು ಕಂಪ್ಯೂಟರ್‌ಗಳಿಗೆ ವೈರ್ ಎಳೆಯೋ ಹೆಂಗಸು. ನಾನು ಏಣಿ ಹತ್ತಿದರೆ ಕೆಳಗೆ ನಿಂತವರು ವೈರ್ ನೋಡಲ್ಲ, ಇವಳು ಯಾವಾಗ ಬೀಳ್ತಾಳೆ ಅಂತ ನೋಡ್ತಾರೆ. ನೋಡಲಿ ಬಿಡಿ, ನನ್ನ ಗಂಟೇನು ಹೋಗುತ್ತೆ.

ಚನ್ನಗಿರಿಯ ಅಡಿಕೆ ಮಂಡಿಯ ಕೆಲಸ ಸಿಕ್ಕಾಗ ಮಾತ್ರ ನನಗೂ ಎದೆ ಡವಡವ ಅಂದಿತ್ತು. ಮಂಡಿಯ ಸಾವ್ಕಾರ್ರು ಮೊದಲೇ ಹೇಳಿದ್ದರು: "ಇಲ್ಲಿ ಸರಿಯಾಗಿ ನಡೀತು ಅಂದ್ರೆ ಹೊನ್ನಾಳಿ, ನ್ಯಾಮತಿ, ಜಗಳೂರು, ಮೂರೂ ಬ್ರಾಂಚು ನಿನಗೇ. ಇಲ್ಲಾಂದ್ರೆ ಈ ಕೆಲಸಕ್ಕೆ ದಾವಣಗೆರೆ ಕಂಪನಿಯೋರು ಅದಾರೆ." ಅದು ಸಿಕ್ಕರೆ ಚಿಲ್ಲರೆ ಕೆಲಸಕ್ಕೆ ಊರೂರು ಅಲೆಯೋದು ತಪ್ಪಿ ಸ್ವಂತ ಅಂಗಡಿ ಇಡಬಹುದಿತ್ತು.

ಮಹಡಿ ಮೇಲೆ, ಎಲ್ಲ ಕಂಪ್ಯೂಟರ್‌ಗಳ ವೈರೂ ಬಂದು ಸೇರೋ ಮೂರು ನೆಟ್‌ವರ್ಕ್ ಸ್ವಿಚ್ಚುಗಳನ್ನು ಒಂದರ ಮೇಲೊಂದು ಕೂರಿಸಿ ಜೋಡಿಸಿದೆ. ಹಾಗೆ ಜೋಡಿಸಿದ ಮೇಲೆ ಮೂರೂ ಸೇರಿ ಒಂದೇ ಡಬ್ಬಿ. ಮೇಲಿನದು ಯಜಮಾನಿಕೆ ಮಾಡುತ್ತೆ, ಅದು ಮಲಗಿದರೆ ಇನ್ನೊಂದು ವಹಿಸಿಕೊಳ್ಳುತ್ತೆ. ಓರಗಿತ್ತಿಯರ ಅಡುಗೆಮನೆಯಲ್ಲಿ ಇಷ್ಟು ಹೊಂದಾಣಿಕೆ ನಾನು ಕಂಡಿಲ್ಲ. ಮುಂದೆ ಇನ್ನೊಂದು ಪ್ರಿಂಟರ್ ಬಂದರೆ ಇರಲಿ ಅಂತ ಒಂದು ಕೇಬಲ್ಲಿನ ಒಂದು ತುದಿ ಸ್ವಿಚ್ಚಿಗೆ ಸಿಕ್ಕಿಸಿ, ಇನ್ನೊಂದನ್ನು ಹಾಗೇ ಇಳಿಬಿಟ್ಟಿದ್ದೆ.

ಆಯುಧಪೂಜೆ ಬಂತು. ಸಾವ್ಕಾರ್ರು ತಕ್ಕಡಿಯಿಂದ ಹಿಡಿದು ಎಲ್ಲಕ್ಕೂ ತಾವೇ ಪೂಜೆ ಮಾಡಿ ಬಾಗಿಲು ಹಾಕಿದರು. ಹಬ್ಬ ಕಳೆದು ಮಂಡಿ ತೆರೆದ ಬೆಳಿಗ್ಗೆ ನನಗೆ ಫೋನು. ಒಂದು ಕಂಪ್ಯೂಟರೂ ನಡೀತಿಲ್ಲ, ತೂಕದ ಚೀಟಿ ಬರ್ತಿಲ್ಲ. ನಾನು ಹೋಗುವಷ್ಟರಲ್ಲಿ ಸಾಸ್ವೆಹಳ್ಳಿ, ಸೂಳೆಕೆರೆ ಕಡೆಯ ರೈತರು ತಮ್ಮ ಚೀಲಗಳ ಮೇಲೆ ಕೂತು ನನ್ನ ದಾರಿ ಕಾಯುತ್ತಿದ್ದರು.

"ದಾವಣಗೆರೆಯೋರು ಬಸ್ ಹತ್ತ್ಯಾರೆ" ಅಂದರು ಸಾವ್ಕಾರ್ರು. "ಅವರು ಬರೋದ್ರೊಳಗೆ ಸರಿ ಮಾಡಿದ್ರೆ ಆತು. ಇಲ್ಲಾಂದ್ರೆ ಎಲ್ಲಾ ಕಿತ್ತು ಹೊಸದು ಹಾಕ್ತಾರೆ."

ಮೈ ಉರಿದುಹೋಯಿತು. ಒಂದು ಮಾತು ನನ್ನನ್ನು ಕೇಳದೆ ಅವರನ್ನು ಕರೆಸಿದ್ದಾರಲ್ಲ. ಬಡವರ ಸಿಟ್ಟು ದವಡೆಗೆ ಮೂಲ ಅಂತ ಹಲ್ಲು ಕಚ್ಚಿಕೊಂಡು ಮಹಡಿ ಹತ್ತಿದೆ. ಸಾವ್ಕಾರ್ರೂ ಗುಮಾಸ್ತರೂ ಹಿಂದೆಯೇ ಬಂದರು.

ಮೂರೂ ಸ್ವಿಚ್ಚಿಗೆ ವಿಭೂತಿ ಪಟ್ಟೆ, ಕುಂಕುಮ, ಚೆಂಡುಹೂವಿನ ಹಾರ. ಹಾರದ ಹಿಂದೆ ದೀಪಗಳೆಲ್ಲ ಒಟ್ಟಿಗೇ ಪಟಪಟ ಹೊಡೆದುಕೊಳ್ಳುತ್ತಿದ್ದವು. ಹಾರ ಎತ್ತಿದೆ. ನಾನು ಇಳಿಬಿಟ್ಟಿದ್ದ ತುದಿಯೂ ಸ್ವಿಚ್ಚಿನೊಳಗೇ ಕೂತಿತ್ತು. ಕಂಪ್ಯೂಟರ್‌ಗಳು ಕಳಿಸಿದ್ದೆಲ್ಲ ಆ ಕೇಬಲ್ಲಿನಲ್ಲಿ ಸುತ್ತಿ ಸುತ್ತಿ ವಾಪಸ್ ಅಲ್ಲಿಗೇ ಬಂದು, ಸಂತೆ ಗದ್ದಲದಲ್ಲಿ ಯಾರ ಮಾತೂ ಯಾರಿಗೂ ಕೇಳದ ಹಾಗೆ ಆಗಿತ್ತು. ತುದಿ ಕಿತ್ತೆ. ಸ್ವಲ್ಪ ಹೊತ್ತಿಗೆ ದೀಪಗಳು ಸಮಾಧಾನಕ್ಕೆ ಬಂದವು, ಕೆಳಗೆ ಪ್ರಿಂಟರ್ ಕಿರ್ ಅಂತ ಚೀಟಿ ಬಿಡತೊಡಗಿತು.

"ಇದನ್ನ ಯಾರು ಚುಚ್ಚಿದ್ದು?" ಸಾವ್ಕಾರ್ರು ಗುಡುಗಿದರು.

ನಾನು ತುದಿ ನೋಡಿದೆ. ಅದರ ಮೇಲೆ ಕುಂಕುಮದ ಬೆರಳ ಗುರುತು. ಸಾವ್ಕಾರ್ರು ಚೀಲದ ಬಾಯಿ ಬಿಚ್ಚಿದ್ದರೆ ಕಟ್ಟದೆ ಮುಂದೆ ಹೋಗದ ಮನುಷ್ಯ, ಜೋತಾಡೋ ತುದಿಯನ್ನು ಬಿಟ್ಟಾರೆಯೇ. ಗುಮಾಸ್ತರು ಕಣ್ಣಲ್ಲೇ ನನಗೆ ಬೇಡ ಬೇಡ ಅಂದರು. ಕರೆಂಟ್ ಏರಿಳಿತ ಅಂದುಬಿಟ್ಟರೆ ಬ್ರಾಂಚುಗಳು ಕೈ ತಪ್ಪುತ್ತಿರಲಿಲ್ಲ. ಆದರೆ ಕೆಟ್ಟಿದ್ದು ನನ್ನ ಕೆಲಸ ಅಲ್ಲ, ಸುಳ್ಳು ಹೇಳೋಕೆ ನಾಲಿಗೆ ಏಳಲಿಲ್ಲ.

"ನೀವೇ ಸಾವ್ಕಾರ್ರೆ" ಅಂದು ತುದಿಯನ್ನು ಅವರ ಮುಂದೆ ಹಿಡಿದೆ.

ಅವರು ಕುಂಕುಮ ನೋಡಿದರು, ತಮ್ಮ ಬೆರಳು ನೋಡಿಕೊಂಡರು. "ಜೋತು ಬಿದ್ದಿತ್ತಲ್ಲವ್ವ. ಹಬ್ಬದ ದಿನ ಹಂಗೆ ಬಿಡಾಕೆ ಆಗ್ತೈತಾ?" ಅಂದರು. ಧ್ವನಿ ಇಳಿದಿತ್ತು. ಆಮೇಲೆ ಫೋನ್ ತೆಗೆದು, "ಎಲ್ಲಿದೀರಿ? ಹಂಗೇ ಇಳಿದು ವಾಪಸ್ ಹೋಗ್ರಿ" ಅಂದರು.

ಮೆಟ್ಟಿಲ ಹತ್ತಿರ ಹೋದವರು ತಿರುಗಿ ನಿಂತರು.

"ಬರೋ ಹಬ್ಬದೊಳಗೆ ಮೂರೂ ಬ್ರಾಂಚಿಗೆ ಇದನ್ನ ಕೂರಿಸು. ನಾಕೂ ಕಡೆ ಇದರ ಪೂಜೆ ನಿಂದೇ. ನಾನು ಮುಟ್ಟಲ್ಲ."

ಹಾಗಂದವರು ಬಾಗಿ, ನೆಲದ ಮೇಲೆ ಬಾಯಿ ತೆರೆದು ಬಿದ್ದಿದ್ದ ನನ್ನ ಬ್ಯಾಗಿನ ಜಿಪ್ ಎಳೆದು ಮುಚ್ಚಿ ಕೆಳಗಿಳಿದರು.