ಎರಡು ಮನೆಯ ಚೇಂಬರ್

೧೯೮೯ರಲ್ಲಿ, ಏಳನೇ ಕ್ಲಾಸಿನ ಪರೀಕ್ಷೆಗೆ ಮೊದಲೇ ನಾನು ಓದು ಬಿಟ್ಟೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಅಂದಿನಿಂದ ಕೊಳಾಯಿ, ಒಳಚರಂಡಿ ಕೆಲಸ. ಇಂದಿರಾನಗರದ ಹಳೆಯ ಬಂಗಲೆಗಳು ಹೋಟೆಲುಗಳಾದಾಗ ಎಷ್ಟೋ ಕಡೆ ನೆಲದಡಿಯ ಲೈನು ಬದಲಿಸಿದ್ದು ಈ ಕೈ. ನಕ್ಷೆ ಹಿಡಿದು ಬಂದ ಇಂಜಿನಿಯರುಗಳೂ ಕೊನೆಗೆ, "ಬ್ಲಾಕ್ ಎಲ್ಲಿದೆ, ನೀನೇ ಹೇಳು ಗುರು" ಎನ್ನುತ್ತಾರೆ. ಪೈಪುಗಳು ಬಂದು ಕೂಡುವ ಚೇಂಬರಿನ ಮುಚ್ಚಳ ಎತ್ತಿ ನೋಡಿ ಹೇಳುತ್ತೇನೆ. ತಪ್ಪಿದ್ದು ಕಡಿಮೆ. ಹಾಗಾಗಿ ಮನೆಯಲ್ಲೂ ನನ್ನದೇ ಕೊನೆಯ ಮಾತಾಗಿತ್ತು.

ಹಲಸೂರಿನ ನಮ್ಮ ಮನೆಯಲ್ಲಿ ನನ್ನ ಹೆಂಡತಿ ಬ್ಲೌಸ್ ಹೊಲಿಯುತ್ತಾಳೆ. ಹೋದ ವರ್ಷ ಒಂದು ದಿನ ಮಿಷನ್ನಿನ ಸೂಜಿ ಅವಳ ಎಡಗೈ ಬೆರಳಿಗೆ ಇಳಿಯಿತು. ವಾರದ ಮೇಲೆ ಎಡ ಕಂಕುಳಲ್ಲಿ ಹುಣಸೆಬೀಜದಷ್ಟು ಗಂಟು ಕೈಗೆ ಸಿಕ್ಕಿತು.

"ರೀ, ಏನೋ ಗಂಟಿದೆ ನೋಡಿ."

ಮುಟ್ಟಿ ನೋಡಿದೆ. "ನೆರಿ ಕಣೆ. ಬೆರಳಿನ ಗಾಯದ್ದು."

ಅರ್ಧ ತಮಿಳು ಆಡುವ ನಮ್ಮ ಬೀದಿಯಲ್ಲಿ ಇದು ಎಲ್ಲರಿಗೂ ಗೊತ್ತಿರುವ ಮಾತು. ಕಾಲಿಗೆ ಮುಳ್ಳು ಹೊಕ್ಕರೆ ತೊಡೆಸಂದಿಯಲ್ಲಿ ಗಂಟು ಏಳುತ್ತದೆ, ಕೈಗೆ ಗಾಯವಾದರೆ ಕಂಕುಳಲ್ಲಿ. ಅದೇ ನೆರಿ ಕಟ್ಟುವುದು. ಗಾಯ ಮಾಯ್ದರೆ ನೆರಿಯೂ ಇಳಿಯುತ್ತದೆ.

"ನೆರಿ ಆದ್ರೆ ನೋಯ್ಬೇಕಲ್ವಾ? ಇದು ನೋಯ್ತಾನೇ ಇಲ್ಲ."

"ನೋಯ್ಲಿ ಅಂತ ಹರಕೆ ಹೊತ್ಕೋತೀಯಾ?"

ಬೆರಳಿನ ಗಾಯ ಮಾಯಿತು. ಗಂಟು ಇಳಿಯಲಿಲ್ಲ. "ನಿಮ್ಮ ನೆರಿ ಇನ್ನೂ ಮನೆ ಖಾಲಿ ಮಾಡಿಲ್ಲ" ಎಂದು ಅವಳು ಆಗಾಗ ಅಣಕಿಸುತ್ತಿದ್ದಳು. ನಾನು ನಕ್ಕು ಕೆಲಸಕ್ಕೆ ಹೋಗುತ್ತಿದ್ದೆ. ಹೀಗೇ ನಾಲ್ಕು ತಿಂಗಳು.

ಕೊನೆಗೆ ಅವಳೇ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಗಂಟಿಗೆ ಸೂಜಿ ಹಾಕಿ ಪರೀಕ್ಷೆ ಮಾಡಿದರು. ಕ್ಯಾನ್ಸರ್. ಹುಟ್ಟಿದ್ದು ಕಂಕುಳಲ್ಲಲ್ಲ, ಎದೆಯಲ್ಲಿ. ಒಳಗೆ, ಆಳದಲ್ಲಿ, ಕೈಗೆ ಸಿಗದಷ್ಟು ಸಣ್ಣದು.

ಡಾಕ್ಟರಮ್ಮ ಕಾಗದದ ಮೇಲೆ ಗೆರೆ ಎಳೆದು ತೋರಿಸಿದರು. "ರಕ್ತದ ಥರ ಮೈಯಲ್ಲಿ ಇನ್ನೊಂದು ತಿಳಿನೀರು ಹರಿಯುತ್ತೆ. ದುಗ್ಧರಸ. ಅದಕ್ಕೆ ಬೇರೆ ಸಣ್ಣ ನಾಳಗಳು. ನಡುವೆ ಗ್ರಂಥಿಗಳು ಸೋಸ್ತವೆ. ಗಡ್ಡೆಯಿಂದ ಕಳಚಿದ ಕಣಗಳು ಆ ನೀರಲ್ಲಿ ಬಂದು ಗ್ರಂಥಿಯಲ್ಲಿ ಕೂತು ಬೆಳೀತವೆ. ಅಲ್ಲಿಂದ ಮುಂದಿನ ಗ್ರಂಥಿಗೆ."

"ಚೇಂಬರ್" ಎಂದೆ.

"ಇವರಿಗೆ ಎಲ್ಲಾ ಪೈಪೇ ಮೇಡಂ" ಎಂದಳು ಇವಳು.

ಡಾಕ್ಟರಮ್ಮ ನಗಲಿಲ್ಲ. "ಚೇಂಬರ್ ಅಂತಲೇ ಇಟ್ಕೊಳ್ಳಿ. ಕೈ ನೀರೂ ಎದೆ ನೀರೂ ಸೇರೋದು ಇದೇ ಕಂಕುಳಿಗೆ."

ಎರಡು ಮನೆ ಸೇರುವ ಚೇಂಬರ್ ಕಟ್ಟಿಕೊಂಡರೆ ಯಾವ ಮನೆಯದೆಂದು ನಾನು ಎಂದೂ ಊಹಿಸಿದವನಲ್ಲ. ಒಂದೊಂದೇ ಮನೆಯ ಬಚ್ಚಲಿಗೆ ಬಟ್ಟೆಯ ನೀಲಿ ಸುರಿದು, ಯಾವುದು ಚೇಂಬರಿಗೆ ಇಳಿಯುತ್ತದೆಂದು ನೋಡುತ್ತೇನೆ. ಓದಿದವರಿಗೂ ಇದನ್ನು ಕಲಿಸಿದ್ದೇನೆ. ಅವಳ ವಿಷಯಕ್ಕೆ ಮಾತ್ರ ಕೈ ಎಂಬ ಮನೆಯ ಬಾಗಿಲು ತಟ್ಟಿ ಸುಮ್ಮನಾಗಿಬಿಟ್ಟೆ.

"ಮುಂದಕ್ಕೆ ಹೋಗಿದ್ಯಾ ಮೇಡಂ?"

"ಸ್ಕ್ಯಾನ್ ಹೇಳ್ಬೇಕು."

ರಿಪೋರ್ಟಿಗೆ ಆರು ದಿನ. ಆ ಆರೂ ದಿನ ಕೆಲಸಕ್ಕೆ ಹೋದೆ. ಯಾರು ಏನು ಕೇಳಿದರೂ "ನೋಡಿ ಹೇಳ್ತೀನಿ" ಎಂದೆ. ಕೊನೆಗೆ ಡಾಕ್ಟರಮ್ಮ, "ಬೇರೆ ಕಡೆ ಕಂಡಿಲ್ಲ. ಕಂಡಿಲ್ಲ ಅಂತಷ್ಟೇ ಹೇಳ್ತಿದ್ದೀನಿ" ಎಂದರು.

ಆಮೇಲೆ ಕೀಮೋ, ಆಪರೇಷನ್, ಕರೆಂಟು ಅನ್ನುವ ರೇಡಿಯೇಷನ್. ಕಂಕುಳಿಂದ ಹದಿನಾರು ಗ್ರಂಥಿ ತೆಗೆದರು, ನಾಲ್ಕರಲ್ಲಿ ಕಾಯಿಲೆ ಇತ್ತು. ಚೇಂಬರ್ ಹೋದ ಮೇಲೆ ನೀರಿಗೆ ದಾರಿಯಿಲ್ಲ, ಎಡಗೈ ಊದಿಕೊಳ್ಳುತ್ತದೆ. ಬೆಳಗಾದರೆ ಬೆರಳಿನಿಂದ ಭುಜದ ಕಡೆಗೆ ಮೆಲ್ಲಗೆ ನೀವುತ್ತೇನೆ. ನಿದ್ದೆಗೆ ನನ್ನ ಕಣ್ಣು ಎಳೆಯುತ್ತಿರುತ್ತದೆ.

"ಮೆಲ್ಲಗೆ ರೀ. ಇದು ಮೋರಿ ಅಲ್ಲ."

ಅವಳು ಹೇಳಿದಂತೆ ಕೇಳುತ್ತೇನೆ. ಕೊನೆಯ ಮಾತು ಈಗ ಅವಳದು.

ಈಗ ನನ್ನಲ್ಲಿರುವುದು ಇಷ್ಟು: ಪೈಪ್ ರೆಂಚ್ ಎರಡು. ಹೊಲಿಗೆ ಮಿಷನ್ ಒಂದು. ಎಡತೋಳು ಬಿಚ್ಚಿ ಅಗಲ ಮಾಡಿದ ಬ್ಲೌಸು ಐದು. ಮುಂದಿನ ಸ್ಕ್ಯಾನಿಗೆ ತಿಂಗಳು ಮೂರು. ಹೆಂಡತಿ ಒಬ್ಬಳು.