ನನ್ನ ಬಾಯಲ್ಲಿ ಎಲೆ ಇಲ್ಲ

‘ಮೊದಲ ಬಾಯಾಗಿನ ಎಲಿ ಉಗುಳಿ ಬರ್ರಿ ಸಾಹೇಬ್ರ, ಆಮ್ಯಾಲೆ ಮಾತಾಡ್ರಿ!’

ಸವಣೂರು ಬಸ್ ಸ್ಟ್ಯಾಂಡಿನ ಕಂಟ್ರೋಲರ್ ಗದರಿದರು. ಹಾನಗಲ್ ಬಸ್ ಎಷ್ಟೊತ್ತಿಗೆ ಎಂದಷ್ಟೇ ಕೇಳಿದ್ದೆ. ಬಾಯಿ ಖಾಲಿ ಇತ್ತು.

ಅವರದೇನು ತಪ್ಪು? ವೀಳ್ಯದೆಲೆಗೆ ಹೆಸರಾದ ಊರು. ಇಲ್ಲಿ ಯಾರ ಮಾತು ತೊದಲಿದರೂ ಬಾಯಲ್ಲಿ ಎಲೆ ಇರಲೇಬೇಕು! (ಹೈಸ್ಕೂಲಿನಿಂದ ಡೈರಿ ಬರೆಯುವವನು ನಾನು. ಈ ತಿಂಗಳು ‘ಉಗುಳಿ ಬರ್ರಿ’ ಅಂದವರು ಏಳು ಮಂದಿ.)

ನನಗಿರುವುದು ಮಲ್ಟಿಪಲ್ ಸ್ಕ್ಲೆರೋಸಿಸ್. ನರಗಳ ಮೇಲಿನ ಹೊದಿಕೆ ಹಾಳಾಗುವ ಕಾಯಿಲೆ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದರು. ತಲೆಯಲ್ಲಿ ವಾಕ್ಯ ಸಿದ್ಧವಿರುತ್ತದೆ, ನಾಲಿಗೆ ಹಿಂದೆ ಬೀಳುತ್ತದೆ.

ಮೊನ್ನೆ ಭಾನುವಾರ ಹೆಣ್ಣು ನೋಡಲು ದುಂಡಸಿಗೆ ಹೊರಟೆವು. ಅಕ್ಕ ದಾರಿಯಲ್ಲೇ ಒಂದು ಎಲೆ ಮಡಿಚಿ ಕೊಟ್ಟಳು.

‘ಬಾಯಾಗ ಇಟ್ಕೊಂಡು ಸುಮ್ಮನ ಕುಂದ್ರು. ಸವಣೂರಾಂವ, ಎಲಿ ಹಾಕ್ಕೊಂಡಾನ ಅಂತಾರ. ಬ್ಯಾನಿ ಸುದ್ದಿ ಗೊತ್ತಾದ್ರ ಯಾರ್ ಹೆಣ್ಣ ಕೊಡ್ತಾರೋ?’

ಇಟ್ಟುಕೊಂಡೆ. ನನಗೂ ಅದೇ ಅಂಜಿಕೆ.

ಹುಡುಗಿಯ ಹೆಸರು ಗಿರಿಜಾ, ಬಾಲವಾಡಿ ಟೀಚರ್. ಆಕೆಯ ಅಪ್ಪ ನನ್ನನ್ನು ಕೇಳಿದ್ದಕ್ಕೆಲ್ಲ ಅಕ್ಕನದೇ ಉತ್ತರ. ಓದು? ಅಕ್ಕ. ನೌಕರಿ? ಅಕ್ಕ. ಚಹಾಕ್ಕೆ ಸಕ್ಕರೆ? ಅದೂ ಅಕ್ಕ!

ಗಿರಿಜಾ ತಲೆ ಎತ್ತಿದಳು. ‘ಲಗ್ನ ಆಗೋರು ಯಾರ್ರೀ ಅಕ್ಕಾರ, ನೀವೋ ಅವರೋ? ಅವರೂ ಒಂದಿಷ್ಟು ಮಾತಾಡ್ಲಿ.’

ಎದ್ದು ಹೊರಗೆ ಹೋಗಿ ಎಲೆ ಉಗುಳಿದೆ. ಬಾಯಿ ಮುಕ್ಕಳಿಸಿ ಬಂದೆ. ಅಕ್ಕನ ಮುಖ ಬಿಳುಚಿತ್ತು.

‘ನನಗ... ನರದ ಬ್ಯಾನಿ ಐತ್ರಿ. ಮಾತು... ಹಿಂಗ ಬರ್ತಾವ. ಮುಂದ... ಹೆಚ್ಚು...’

‘ಹೆಚ್ಚು ಮಾತು ಬ್ಯಾಡ ಅಂತೀರೇನು?’ ಎಂದರು ಆಕೆಯ ಅಪ್ಪ.

‘ತಡೀರಿ ಅಪ್ಪಾ,’ ಎಂದಳು ಗಿರಿಜಾ. ‘ಅವರದಿನ್ನೂ ಮುಗಿದಿಲ್ಲ.’

ಹೆಚ್ಚಾಗಬಹುದು, ಆಗದೆಯೂ ಇರಬಹುದು ಎಂದು ಹೇಳಿ ಮುಗಿಸಿದೆ. ಯಾರೂ ನಡುವೆ ಬಾಯಿ ಹಾಕಲಿಲ್ಲ. ಇನ್ನೊಬ್ಬರ ವಾಕ್ಯ ಮುಗಿಸಿಕೊಡುವುದು ಉಪಕಾರ ಎಂದು ನಮಗೆಲ್ಲ ಕಲಿಸಿದವರು ಯಾರೋ? ನನಗೆ ಬೇಕಾದದ್ದು ಒಂದಿಷ್ಟು ಹೊತ್ತು, ಅಷ್ಟೇ.

ಗಿರಿಜಾ ಕುರ್ಚಿ ಹತ್ತಿರ ಎಳೆದುಕೊಂಡಳು. ‘ದಣಿವಾದ್ರ ಹೇಳ್ರಿ, ನಿಲ್ಲಿಸೋಣು. ನನಗ ಕೇಳೋದು ಭಾಳ ಐತಿ.’

ಕೇಳಿದಳು. ಕಾಯಿಲೆಯ ಬಗ್ಗೆ, ಔಷಧದ ಬಗ್ಗೆ, ನನಗೆ ಸಿಟ್ಟು ಬರುತ್ತದೆಯೇ ಎಂಬುದರ ಬಗ್ಗೆ. ಚಹಾ ಆರಿ ಹೋಯಿತು.

ಮದುವೆ ಗೊತ್ತಾಯಿತೇ? ಇನ್ನೂ ಇಲ್ಲ. ಬರುವ ಭಾನುವಾರ ಮತ್ತೆ ಕರೆದಿದ್ದಾರೆ.

ಅಕ್ಕನನ್ನು ಮನೆಯಲ್ಲೇ ಬಿಟ್ಟು ಬರಬೇಕಂತೆ!